ಸ್ವೆನ್ ವಿಂಗ್‌ಕ್ವಿಸ್ಟ್

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ, ಶ್ರೀರಂಗಪಟ್ಟಣವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು, ಕಿರಂಗೂರು ಎಂಬ ಗ್ರಾಮವಿದೆ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಇಲ್ಲಿನ ಬನ್ನಿಮಂಟಪದಿಂದಲೇ. ಪಾಂಡವಪುರದ ಕಡೆಗೆ ಹೋಗುವ ದಾರಿ ಕವಲೊಡೆಯುವುದೂ ಇಲ್ಲಿಯೇ. ಕಾವೇರಿಯ ನೀರುಂಡ ಈ ಸೀಮೆಯಲ್ಲಿ ಕಬ್ಬು ಮತ್ತು ಬತ್ತ ಮುಖ್ಯವಾದ ಬೆಳೆಗಳು. ಕಬ್ಬು ಕಡಿಯುವ ಕಾಲದಲ್ಲಿ ಹೊರೆ ಹೊತ್ತ ಎತ್ತಿನ ಗಾಡಿಗಳು ಸಾಲುಸಾಲಾಗಿ ಆಲೆಮನೆಗಳ ಕಡೆಗೂ ಸಕ್ಕರೆ ಕಾರ್ಖಾನೆಯ ಕಡೆಗೂ ಸಾಗುತ್ತಿದ್ದ ದೃಶ್ಯ ಈ ಭಾಗದ ಹಿರಿಯರಿಗೆಲ್ಲ ಪರಿಚಿತವಾದದ್ದು.

ಅಂತಹ ಗಾಡಿಯೊಂದರ ಚಕ್ರವನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಚಕ್ರದ ನಡುವಿನ ಗುಂಬದೊಳಗೆ ಅಚ್ಚು ತೂರಿಕೊಂಡಿರುತ್ತದೆ. ಅಚ್ಚಿನ ತುದಿಯಲ್ಲಿ ಒಂದು ಸಣ್ಣ ರಂಧ್ರ. ಆ ರಂಧ್ರದಲ್ಲಿ ಗೇಣುದ್ದವೂ ಇಲ್ಲದ ಒಂದು ಕೀಲು. ಅದನ್ನು ಕಡೆಗೀಲು ಅಥವಾ ಕಡಾಣಿ ಎನ್ನುತ್ತಾರೆ. ಗಾಡಿ ಹೂಡುವ ಮುನ್ನ ರೈತನು ಎತ್ತುಗಳನ್ನು ನೋಡುವಂತೆಯೇ ಕಡಾಣಿಯನ್ನೂ ನೋಡುತ್ತಾನೆ. ಅದು ಕಳಚಿ ಬಿದ್ದರೆ ಚಕ್ರ ಅಚ್ಚಿನಿಂದ ಹೊರಬರುತ್ತದೆ, ಗಾಡಿ ಮಗುಚಿಕೊಳ್ಳುತ್ತದೆ. ಆದರೆ ಚಕ್ರ ಕಳಚಬಾರದೆಂದು ಅದನ್ನು ಅಚ್ಚಿಗೆ ಬಿಗಿದು ಹೊಡೆದುಬಿಟ್ಟರೆ ಗಾಡಿ ಮುಂದಕ್ಕೆ ಸಾಗುವುದೇ ಇಲ್ಲ. ಚಕ್ರ ತನ್ನ ಸ್ಥಾನವನ್ನು ಬಿಡಬಾರದು. ಆದರೂ ಸಲೀಸಾಗಿ ತಿರುಗಬೇಕು. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸುವುದಕ್ಕಾಗಿ ನಮ್ಮ ಪೂರ್ವಿಕರು ಕಡಾಣಿಯನ್ನು ಕಂಡುಕೊಂಡರು. ಉಜ್ಜುವಿಕೆಯನ್ನು ಕಡಿಮೆ ಮಾಡಲು ಕೀಲೆಣ್ಣೆಯನ್ನು ಹಾಕಿದರು.

ಯಂತ್ರಗಳ ಯುಗ ಬಂದಾಗ ಇದೇ ಪ್ರಶ್ನೆ ಇನ್ನಷ್ಟು ಕಠಿಣವಾಗಿ ಎದುರು ನಿಂತಿತು. ಗಾಡಿಯ ಚಕ್ರ ನಿಮಿಷಕ್ಕೆ ಕೆಲವು ಸುತ್ತು ತಿರುಗಿದರೆ ಯಂತ್ರದ ಚಕ್ರ ನೂರಾರು, ಸಾವಿರಾರು ಸುತ್ತು ತಿರುಗುತ್ತದೆ. ಅಲ್ಲಿ ಕೀಲೆಣ್ಣೆ ಸಾಲದು, ಕಡಾಣಿಯೂ ಸಾಲದು. ಈ ಪ್ರಶ್ನೆಯ ಬೆನ್ನು ಹತ್ತಿ, ಅದಕ್ಕೆ ಉತ್ತರವನ್ನು ಹುಡುಕಿ, ಇಪ್ಪತ್ತನೆಯ ಶತಮಾನದ ಯಂತ್ರಶಿಲ್ಪಕ್ಕೆ ದೊಡ್ಡ ಕಾಣಿಕೆಯನ್ನಿತ್ತವನು ಸ್ವೀಡನ್ ದೇಶದ ಸ್ವೆನ್ ವಿಂಗ್‌ಕ್ವಿಸ್ಟ್.

ಆತನ ಸಾಧನೆಯನ್ನು ಅರಿಯಬೇಕಾದರೆ ಮೊದಲು ಬೇರಿಂಗು ಎಂದರೇನೆಂಬುದನ್ನು ತಿಳಿಯಬೇಕು. ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡಕ್ಕೆ ಶಾಫ್ಟು ಎಂದು ಹೆಸರು. ಈ ಶಾಫ್ಟನ್ನು ಹೊತ್ತು, ಅದು ಅಲುಗಾಡದಂತೆ ಹಿಡಿದು, ಅದೇ ವೇಳೆಗೆ ಸರಾಗವಾಗಿ ತಿರುಗಲು ಬಿಡುವ ಭಾಗವೇ ಬೇರಿಂಗು. ಹಳೆಯ ಕಾಲದ ಬೇರಿಂಗು ಕಂಚಿನದೋ ಬೇರೆ ಮೆದು ಲೋಹದ್ದೋ ಆದ ಒಂದು ಬಳೆ. ಅದರೊಳಗೆ ಶಾಫ್ಟು ಉಜ್ಜಿಕೊಂಡೇ ತಿರುಗುತ್ತಿತ್ತು. ಎಣ್ಣೆ ಒಣಗಿದರೆ ಲೋಹ ಕಾಯುತ್ತಿತ್ತು, ಸವೆಯುತ್ತಿತ್ತು, ಕೆಲವೊಮ್ಮೆ ಹತ್ತಿಕೊಂಡು ನಿಂತೇ ಹೋಗುತ್ತಿತ್ತು.

ಭಾರವಾದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯುವುದು ಕಷ್ಟ. ಅದರ ಕೆಳಗೆ ದುಂಡನೆಯ ಮರದ ತುಂಡುಗಳನ್ನಿಟ್ಟು ಉರುಳಿಸುವುದು ಸುಲಭ. ಜಾರುವಿಕೆಗಿಂತ ಉರುಳುವಿಕೆಯಲ್ಲಿ ಘರ್ಷಣೆ ಬಹಳ ಕಡಿಮೆ. ಈ ತತ್ತ್ವವನ್ನು ಗಾಡಿಯ ಅಚ್ಚಿಗೆ ಅಳವಡಿಸಿ, ಗುಂಡುಗಳ ಮೇಲೆ ತಿರುಗುವ ಬೇರಿಂಗಿಗೆ 1794ರಲ್ಲಿಯೇ ವೇಲ್ಸಿನ ಫಿಲಿಪ್ ವಾನ್ ಎಂಬಾತನು ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಎಲ್ಲ ಗುಂಡುಗಳೂ ಒಂದೇ ಅಳತೆಯಲ್ಲಿ, ನಯವಾಗಿ, ಗಟ್ಟಿಯಾಗಿ ಇರದಿದ್ದರೆ ಭಾರವೆಲ್ಲ ದೊಡ್ಡ ಗುಂಡಿನ ಮೇಲೆ ಬಿದ್ದು ಅದು ಒಡೆಯುತ್ತದೆ. 1883ರಲ್ಲಿ ಜರ್ಮನಿಯ ಷ್ವೈನ್‌ಫರ್ಟ್ ನಗರದ ಫ್ರೀಡ್ರಿಖ್ ಫಿಷರನು ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಸಾಣೆ ಹಿಡಿಯುವ ಯಂತ್ರವನ್ನು ನಿರ್ಮಿಸಿದ ಮೇಲೆಯೇ ಗುಂಡಿನ ಬೇರಿಂಗು ಕಾರ್ಖಾನೆಗಳಲ್ಲಿ ತಯಾರಾಗುವ ವಸ್ತುವಾಯಿತು. ಮೊದಲು ಅದು ಬೈಸಿಕಲ್ಲಿಗೆ ಬಂದಿತು. ಕಾರ್ಖಾನೆಯ ದೊಡ್ಡ ಯಂತ್ರಗಳಲ್ಲಿ ಅದು ನೆಲೆಯೂರುವುದಕ್ಕೆ ಇನ್ನೂ ಕೆಲವು ತೊಡಕುಗಳಿದ್ದವು.

ಸ್ವೆನ್ ವಿಂಗ್‌ಕ್ವಿಸ್ಟನು 1876ರ ಡಿಸೆಂಬರ್ 10ರಂದು ಸ್ವೀಡನ್ನಿನ ಒರೆಬ್ರೂ ಪ್ರಾಂತದಲ್ಲಿ ಜನಿಸಿದನು. ಸ್ವೀಡನ್ ಉತ್ತರ ಯೂರೋಪಿನ ಒಂದು ದೇಶ. ಕಾಡು, ಸರೋವರ ಮತ್ತು ಕಬ್ಬಿಣದ ಅದಿರುಗಳಿಗೆ ಹೆಸರಾದದ್ದು. ಅಲ್ಲಿನ ಉಕ್ಕು ಗುಣದಲ್ಲಿ ಉತ್ತಮವಾದುದೆಂದು ಬಹುಕಾಲದಿಂದ ಖ್ಯಾತಿ ಪಡೆದಿತ್ತು. ಬಾಲಕನು ಬೆಳೆಯುತ್ತಿದ್ದ ಕಾಲದಲ್ಲಿ ದೇಶದ ತುಂಬ ರೈಲುದಾರಿಗಳು ಹರಡುತ್ತಿದ್ದವು, ಕಾರ್ಖಾನೆಗಳು ತಲೆಯೆತ್ತುತ್ತಿದ್ದವು. ಆತನು ಒರೆಬ್ರೂ ನಗರದ ತಾಂತ್ರಿಕ ಶಾಲೆಯಲ್ಲಿ ಓದಿದನು. ಬಳಿಕ ಬಟ್ಟೆ ಗಿರಣಿಗಳಿಗೆ ಪ್ರಸಿದ್ಧವಾಗಿದ್ದ ನಾರ್ಚಪಿಂಗ್ ನಗರದಲ್ಲಿ ನೇಯ್ಗೆಯ ತಂತ್ರವನ್ನು ಅಭ್ಯಾಸ ಮಾಡಿದನು. ಹೀಗೆ ಆತನು ಕಲಿತದ್ದು ಬಟ್ಟೆಯ ತಯಾರಿಕೆಯನ್ನು. ಬೇರಿಂಗಿನ ವಿದ್ಯೆಯನ್ನು ಆತನಿಗೆ ಕಲಿಸಿದ್ದು ಬಟ್ಟೆಯ ಗಿರಣಿಯೇ.

1899ರಲ್ಲಿ ವಿಂಗ್‌ಕ್ವಿಸ್ಟನು ಗಾಥೆನ್‌ಬರ್ಗ್ ನಗರದ ಗಾಮ್ಲೆಸ್ಟಾಡನ್ ಎಂಬಲ್ಲಿನ ಬಟ್ಟೆಯ ಗಿರಣಿಯಲ್ಲಿ ಎಂಜಿನಿಯರಾಗಿ ಸೇರಿದನು. ಆಗ ಆತನ ವಯಸ್ಸು ಇಪ್ಪತ್ತೆರಡು. ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು ಆತನ ಹೊಣೆಯಾಯಿತು.

ಅಂದಿನ ಗಿರಣಿಗಳಲ್ಲಿ ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ಮೋಟಾರು ಇರಲಿಲ್ಲ. ಮೇಲ್ಛಾವಣಿಯ ಕೆಳಗೆ ಗಿರಣಿಯ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಉದ್ದವಾದ ಶಾಫ್ಟು ಹಾಯ್ದಿರುತ್ತಿತ್ತು. ಅದನ್ನು ಒಂದು ದೊಡ್ಡ ಎಂಜಿನ್ನು ತಿರುಗಿಸುತ್ತಿತ್ತು. ಶಾಫ್ಟಿನ ಮೇಲೆ ಅಲ್ಲಲ್ಲಿ ರಾಟೆಗಳು. ರಾಟೆಗಳಿಂದ ಕೆಳಗಿನ ಮಗ್ಗಗಳಿಗೆ ಇಳಿದ ಚರ್ಮದ ಪಟ್ಟಿಗಳು. ಈ ಶಾಫ್ಟನ್ನು ಕೆಲವು ಅಡಿಗಳ ಅಂತರದಲ್ಲಿ ಸಾಲಾಗಿ ನಿಲ್ಲಿಸಿದ ಬೇರಿಂಗುಗಳು ಹೊತ್ತಿರುತ್ತಿದ್ದವು. ಬೇರಿಂಗುಗಳೆಲ್ಲ ಒಂದೇ ನೇರದಲ್ಲಿ ಇದ್ದರೆ ಶಾಫ್ಟು ಸುಖವಾಗಿ ತಿರುಗುತ್ತದೆ. ಒಂದು ಕೊಂಚ ಕುಸಿದರೂ ಶಾಫ್ಟು ಬಾಗುತ್ತದೆ. ಬಾಗಿದ ಶಾಫ್ಟು ಬೇರಿಂಗಿನ ಅಂಚನ್ನು ಒತ್ತುತ್ತದೆ. ಒತ್ತಿದ ಕಡೆ ಲೋಹ ಕಾಯುತ್ತದೆ.

ಗಾಥೆನ್‌ಬರ್ಗಿನ ನೆಲ ಜೇಡಿಮಣ್ಣಿನದು. ಅದರ ಮೇಲೆ ಕಟ್ಟಿದ ಕಟ್ಟಡಗಳು ನಿಧಾನವಾಗಿ ಅಲ್ಪಸ್ವಲ್ಪ ಕುಸಿಯುತ್ತಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಕುಸಿತ ಗಿರಣಿಯ ಶಾಫ್ಟಿಗೆ ಮಾತ್ರ ದೊಡ್ಡ ಪೀಡೆಯಾಯಿತು. ಇಂದು ಸರಿಪಡಿಸಿದ ಬೇರಿಂಗು ಕೆಲವು ವಾರಗಳಲ್ಲಿ ಮತ್ತೆ ಓರೆಯಾಗುತ್ತಿತ್ತು. ಬೇರಿಂಗು ಕೆಟ್ಟರೆ ಒಂದು ಮಗ್ಗ ಮಾತ್ರ ನಿಲ್ಲುತ್ತಿರಲಿಲ್ಲ; ಆ ಶಾಫ್ಟನ್ನು ನಂಬಿದ ಮಗ್ಗಗಳೆಲ್ಲವೂ ಒಮ್ಮೆಗೇ ನಿಲ್ಲುತ್ತಿದ್ದವು. ಹತ್ತಿಯ ಎಳೆ, ಧೂಳು ತುಂಬಿದ ಗಿರಣಿಯಲ್ಲಿ ಕಾದ ಬೇರಿಂಗು ಬೆಂಕಿಯ ಭಯವನ್ನೂ ತರುತ್ತಿತ್ತು. ಎಂಜಿನ್ನಿನ ಶಕ್ತಿಯ ಒಂದು ಪಾಲು ಬಟ್ಟೆಯನ್ನು ನೇಯುವ ಬದಲು ಘರ್ಷಣೆಯಲ್ಲಿಯೇ ವ್ಯರ್ಥವಾಗುತ್ತಿತ್ತು.

ಘರ್ಷಣೆಯನ್ನು ತಗ್ಗಿಸಲು ವಿಂಗ್‌ಕ್ವಿಸ್ಟನು ಗುಂಡಿನ ಬೇರಿಂಗುಗಳತ್ತ ನೋಡಿದನು. ಆದರೆ ಅವನ್ನು ಹೊರದೇಶದಿಂದ ತರಿಸಬೇಕಾಗಿತ್ತು, ಬೆಲೆ ಹೆಚ್ಚು, ಒಂದು ಕೆಟ್ಟರೆ ಬದಲಿ ಬರುವುದಕ್ಕೆ ಬಹಳ ದಿನ ಕಾಯಬೇಕಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಆ ಬೇರಿಂಗುಗಳಲ್ಲಿ ಒಂದು ಒಳಬಳೆ, ಒಂದು ಹೊರಬಳೆ, ಎರಡರ ನಡುವೆ ಆಳವಾದ ಕಾಲುವೆಯಂತಹ ದಾರಿಯಲ್ಲಿ ಒಂದು ಸಾಲು ಗುಂಡುಗಳು ಇರುತ್ತಿದ್ದವು. ಶಾಫ್ಟು ನೇರವಾಗಿದ್ದಾಗ ಅವು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಶಾಫ್ಟು ಸ್ವಲ್ಪ ಓರೆಯಾದೊಡನೆ ಗುಂಡುಗಳು ಕಾಲುವೆಯ ಅಂಚನ್ನೇರಿ, ಅತಿಯಾದ ಒತ್ತಡಕ್ಕೆ ಸಿಕ್ಕಿ, ಬೇಗನೆ ಹಾಳಾಗುತ್ತಿದ್ದವು. ಹಳೆಯ ಕಂಚಿನ ಬಳೆಯಾದರೋ ಸವೆದು ಹೊಂದಿಕೊಳ್ಳುತ್ತಿತ್ತು. ಗಟ್ಟಿಯಾದ ಉಕ್ಕಿನ ಗುಂಡು ಹೊಂದಿಕೊಳ್ಳಲಾರದೆ ಒಡೆಯುತ್ತಿತ್ತು.

ಇಲ್ಲಿ ಬೇರೊಬ್ಬ ಎಂಜಿನಿಯರು ನೆಲವನ್ನು ದೂಷಿಸಿ ಸುಮ್ಮನಾಗಬಹುದಾಗಿತ್ತು. ಇಲ್ಲವೆ ಬೇರಿಂಗುಗಳನ್ನು ಇನ್ನಷ್ಟು ಗಟ್ಟಿಯಾಗಿ ಬಿಗಿಯಲು ಯತ್ನಿಸಬಹುದಾಗಿತ್ತು. ವಿಂಗ್‌ಕ್ವಿಸ್ಟನ ಯೋಚನೆ ಹಿಡಿದ ದಾರಿಯೇ ಬೇರೆ. ನೆಲ ಕುಸಿಯುವುದನ್ನು ತಡೆಯಲಾಗದು. ಉದ್ದನೆಯ ಶಾಫ್ಟು ಬಾಗುವುದನ್ನೂ ಪೂರ್ಣವಾಗಿ ತಡೆಯಲಾಗದು. ಹಾಗಾದರೆ ಶಾಫ್ಟು ಬಾಗಿದಾಗ ತಾನೂ ಅದರೊಡನೆ ಬಾಗಿ, ಆದರೂ ತನ್ನ ಸ್ಥಾನವನ್ನು ಬಿಡದೆ ನಿಲ್ಲುವ ಬೇರಿಂಗನ್ನು ಏಕೆ ಮಾಡಬಾರದು? ಗಿರಣಿಯ ಒಡೆಯರ ಬೆಂಬಲದಿಂದ ಆತನು ಪ್ರಯೋಗಗಳಲ್ಲಿ ತೊಡಗಿದನು.

ಕೊನೆಗೆ ಆತನಿಗೆ ಹೊಳೆದ ಉಪಾಯ ಸರಳವಾಗಿತ್ತು. ನಮ್ಮ ತೋಳು ಭುಜಕ್ಕೆ ಸೇರುವ ಕಡೆ ಮೂಳೆಯ ದುಂಡನೆಯ ತುದಿ ಒಂದು ಬಟ್ಟಲಿನಂತಹ ಕುಳಿಯಲ್ಲಿ ಕುಳಿತಿರುತ್ತದೆ. ಆದುದರಿಂದಲೇ ತೋಳನ್ನು ಯಾವ ಕಡೆಗೆ ಬೇಕಾದರೂ ಚಾಚಬಹುದು. ಹಾಗೆಂದು ತೋಳು ತನ್ನ ಸ್ಥಾನದಿಂದ ಕಳಚಿಕೊಳ್ಳುವುದಿಲ್ಲ. ವಿಂಗ್‌ಕ್ವಿಸ್ಟನ ಬೇರಿಂಗಿನಲ್ಲಿಯೂ ಹೊರಬಳೆಯ ಒಳಮೈ ಗೋಳದ ಒಳಮೈಯಂತೆ ಬಾಗಿರುತ್ತದೆ. ಆ ಗೋಳದ ಕೇಂದ್ರವೂ ಬೇರಿಂಗಿನ ಕೇಂದ್ರವೂ ಒಂದೇ. ಒಳಬಳೆಯ ಮೇಲೆ ಎರಡು ಕಾಲುವೆಗಳು, ಅವುಗಳಲ್ಲಿ ಎರಡು ಸಾಲು ಗುಂಡುಗಳು. ಶಾಫ್ಟು ಓರೆಯಾದಾಗ ಒಳಬಳೆ ಮತ್ತು ಗುಂಡುಗಳು ಒಟ್ಟಾಗಿ ಓರೆಯಾಗುತ್ತವೆ. ಗೋಳದ ಮೈ ಎಲ್ಲ ಕಡೆಗೂ ಒಂದೇ ಬಗೆಯಾಗಿರುವುದರಿಂದ ಗುಂಡುಗಳು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಗೋಳದಂತಹ ಮೈಯ ಮೇಲೆ ಒಂದು ಗುಂಡು ಹೊರಬಲ್ಲ ಭಾರ ಆಳವಾದ ಕಾಲುವೆಯಲ್ಲಿ ಹೊರುವುದಕ್ಕಿಂತ ಕಡಿಮೆ. ಎರಡು ಸಾಲು ಗುಂಡುಗಳು ಆ ಭಾರವನ್ನು ಹಂಚಿಕೊಳ್ಳುತ್ತವೆ. ಹೀಗೆ ತಾನೇ ತನ್ನ ನೇರವನ್ನು ಹೊಂದಿಸಿಕೊಳ್ಳುವ ಬೇರಿಂಗು ಹುಟ್ಟಿತು.

1907ರ ಫೆಬ್ರವರಿ 16ರಂದು ಗಾಥೆನ್‌ಬರ್ಗಿನಲ್ಲಿ ಹೊಸ ಕಂಪನಿಯೊಂದು ಸ್ಥಾಪಿತವಾಯಿತು. ಅದರ ಸ್ವೀಡಿಷ್ ಹೆಸರಿನ ಅರ್ಥ ಸ್ವೀಡನ್ನಿನ ಗುಂಡಿನ ಬೇರಿಂಗುಗಳ ಕಾರ್ಖಾನೆ ಎಂದು. ಆ ಹೆಸರಿನ ಮೂರು ಅಕ್ಷರಗಳಿಂದಾದ ಎಸ್.ಕೆ.ಎಫ್. ಎಂಬ ಗುರುತು ಮುಂದೆ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. ಅದೇ ವರ್ಷ ಹೊಸ ಬೇರಿಂಗಿಗೆ ಸ್ವೀಡನ್ನಿನಲ್ಲಿಯೂ ಇತರ ದೇಶಗಳಲ್ಲಿಯೂ ಹಕ್ಕುಪತ್ರಗಳು ದೊರೆತವು. ಮೂವತ್ತು ವರ್ಷದ ವಿಂಗ್‌ಕ್ವಿಸ್ಟನು ಕಂಪನಿಯ ಮುಖ್ಯ ನಿರ್ವಾಹಕನಾದನು. 1912ರ ಹೊತ್ತಿಗೆ ಆ ಕಂಪನಿಗೆ 32 ದೇಶಗಳಲ್ಲಿ ಪ್ರತಿನಿಧಿಗಳಿದ್ದರು.

ಒಳ್ಳೆಯ ಬೇರಿಂಗನ್ನು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಶಾಫ್ಟಿನ ಮೇಲೆ ಮತ್ತು ಅದರ ಹೊರಗೂಡಿನೊಳಗೆ ಸರಿಯಾಗಿ ನೆಲೆಗೊಳಿಸದಿದ್ದರೆ ಅತ್ಯುತ್ತಮವಾದ ಬೇರಿಂಗೂ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಕಡಾಣಿಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಗುಂಡಿನ ಬೇರಿಂಗುಗಳ ಬಳಕೆ ಹೆಚ್ಚಿದಂತೆ ಈ ನೆಲೆಗೊಳಿಸುವ ಕೆಲಸವೇ ಒಂದು ಶಾಸ್ತ್ರವಾಗಿ ಬೆಳೆಯಿತು.

ಆ ಶಾಸ್ತ್ರದ ಮೊದಲ ನಿಯಮ ಹಿಡಿತಕ್ಕೆ ಸಂಬಂಧಿಸಿದುದು. ಶಾಫ್ಟು ತಿರುಗುವಾಗ ಒಳಬಳೆ ಅದರೊಡನೆಯೇ ತಿರುಗಬೇಕು. ಅದರ ಮೇಲೆ ಜಾರಬಾರದು. ಜಾರಿದರೆ ಶಾಫ್ಟಿನ ಮೈ ಸವೆದು ಹೋಗುತ್ತದೆ. ಆದುದರಿಂದ ಒಳಬಳೆಯ ರಂಧ್ರವನ್ನು ಶಾಫ್ಟಿಗಿಂತ ಕೂದಲೆಳೆಗಿಂತಲೂ ಕಡಿಮೆಯಾದ ಅಳತೆಯಷ್ಟು ಚಿಕ್ಕದಾಗಿ ಮಾಡುತ್ತಾರೆ. ಅದನ್ನು ಸೇರಿಸಲು ಬೇರಿಂಗನ್ನು ಎಣ್ಣೆಯಲ್ಲಿ ಹದವಾಗಿ ಕಾಯಿಸುವ ಪದ್ಧತಿಯುಂಟು. ಕಾದ ಬಳೆ ಹಿಗ್ಗಿ ಶಾಫ್ಟಿನ ಮೇಲೆ ಸುಲಭವಾಗಿ ಕುಳಿತು, ಆರಿದ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಈ ಉಪಾಯ ಹೊಸದಲ್ಲ. ಬೇರಿಂಗನ್ನು ಮಾತ್ರ ಅಷ್ಟು ಕಾಯಿಸಬಾರದು, ಕಾಯಿಸಿದರೆ ಉಕ್ಕಿನ ಗಡಸುತನ ಕೆಡುತ್ತದೆ. ಹೊರಬಳೆಗೆ ಪೆಟ್ಟು ಕೊಟ್ಟು ಒಳಬಳೆಯನ್ನು ಶಾಫ್ಟಿಗೆ ಸೇರಿಸುವುದಂತೂ ದೊಡ್ಡ ತಪ್ಪು. ಆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಉಕ್ಕಿನ ದಾರಿಯಲ್ಲಿ ಸಣ್ಣ ಕುಳಿಗಳನ್ನು ಮಾಡುತ್ತದೆ. ಬೇರಿಂಗು ತಿರುಗುವ ಮೊದಲೇ ಅದರ ಆಯುಷ್ಯ ಕುಗ್ಗುತ್ತದೆ.

ಎರಡನೆಯ ನಿಯಮ ಬೇರಿಂಗು ಶಾಫ್ಟಿನ ಉದ್ದಕ್ಕೆ ಸರಿಯದಂತೆ ತಡೆಯುವುದು. ಶಾಫ್ಟನ್ನು ಒಂದು ಕಡೆ ದಪ್ಪವಾಗಿ ಕಡೆದು ಮೆಟ್ಟಿಲಿನಂತಹ ಭುಜವನ್ನು ಉಳಿಸುತ್ತಾರೆ. ಬೇರಿಂಗು ಆ ಭುಜಕ್ಕೆ ಒರಗಿ ನಿಲ್ಲುತ್ತದೆ. ಇನ್ನೊಂದು ಕಡೆಯಿಂದ ನಟ್ಟೊಂದನ್ನು ಬಿಗಿದು, ಅದು ತಾನಾಗಿ ಬಿಚ್ಚಿಕೊಳ್ಳದಂತೆ ಹಲ್ಲುಗಳಿರುವ ವಾಷರನ್ನು ಮಡಿಸಿ ತಡೆಯುತ್ತಾರೆ. ಭಾರ ಕಡಿಮೆಯಿರುವ ಕಡೆ ಶಾಫ್ಟಿನಲ್ಲಿ ಸಣ್ಣ ಗೀರುಕಾಲುವೆಯನ್ನು ಕೊರೆದು ಅದರಲ್ಲಿ ಸರ್ಕ್ಲಿಪ್ ಎಂಬ ಸ್ಪ್ರಿಂಗಿನ ಬಳೆಯನ್ನು ಕೂರಿಸಿದರೂ ಸಾಕು. ಹೊರಗೂಡಿನ ಕಡೆ ಮುಚ್ಚಳವೊಂದು ಹೊರಬಳೆಯನ್ನು ಒತ್ತಿ ಹಿಡಿಯುತ್ತದೆ. ಗಿರಣಿಯ ಉದ್ದನೆಯ ಶಾಫ್ಟಿನ ಮೇಲೆ ಎಲ್ಲೆಂದರಲ್ಲಿ ಭುಜಗಳನ್ನು ಕಡೆಯುವುದು ಸಾಧ್ಯವಿಲ್ಲ. ಅಲ್ಲಿಗಾಗಿ ಒಂದು ಕಡೆ ಸೀಳಿರುವ, ಹೊರಮೈ ಓರೆಯಾಗಿರುವ ಉಕ್ಕಿನ ಸ್ಲೀವು ಬಳಕೆಗೆ ಬಂದಿತು. ಕೊಡಲಿಯ ಕಾವಿಗೆ ಬೆಣೆ ಹೊಡೆದು ಬಿಗಿಮಾಡುವಂತೆ, ನಟ್ಟನ್ನು ತಿರುಗಿಸಿದಷ್ಟೂ ಬೇರಿಂಗು ಆ ಓರೆಯನ್ನೇರುತ್ತದೆ, ಸ್ಲೀವು ಶಾಫ್ಟನ್ನು ಹಿಡಿಯುತ್ತದೆ. ಹೀಗಾಗಿ ನಯವಾದ ಶಾಫ್ಟಿನ ಯಾವ ಭಾಗದಲ್ಲಿ ಬೇಕಾದರೂ ಬೇರಿಂಗನ್ನು ನಿಲ್ಲಿಸಬಹುದು.

ಮೂರನೆಯ ನಿಯಮವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಎರಡು ಬೇರಿಂಗುಗಳ ಮೇಲೆ ನಿಂತ ಶಾಫ್ಟಿನಲ್ಲಿ ಎರಡನ್ನೂ ಅಲುಗದಂತೆ ಬಿಗಿಯುವುದೇ ಕ್ಷೇಮವೆಂದು ತೋರಬಹುದು. ವಾಸ್ತವವಾಗಿ ಅದು ಅಪಾಯಕರ. ಯಂತ್ರ ನಡೆಯುವಾಗ ಶಾಫ್ಟು ಕಾಯುತ್ತದೆ. ಕಾದ ಉಕ್ಕು ಹಿಗ್ಗುತ್ತದೆ. ಒಂದು ಮೀಟರು ಉದ್ದದ ಉಕ್ಕಿನ ದಂಡ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 12 ಭಾಗದಷ್ಟು ಉದ್ದವಾಗುತ್ತದೆ. ಅದು 50 ಡಿಗ್ರಿ ಹೆಚ್ಚು ಕಾದರೆ ಸುಮಾರು 0.6 ಮಿಲಿಮೀಟರು ಬೆಳೆಯುತ್ತದೆ. ಎರಡು ತುದಿಗಳನ್ನೂ ಬಿಗಿದಿದ್ದರೆ ಈ ಬೆಳವಣಿಗೆಗೆ ಎಡೆಯಿಲ್ಲದೆ, ಅದರ ಒತ್ತಡವೆಲ್ಲ ಗುಂಡುಗಳ ಮೇಲೆ ಬಿದ್ದು ಬೇರಿಂಗು ನಾಶವಾಗುತ್ತದೆ. ಆದುದರಿಂದ ಒಂದು ಬೇರಿಂಗನ್ನು ಶಾಫ್ಟಿನಲ್ಲಿಯೂ ಹೊರಗೂಡಿನಲ್ಲಿಯೂ ಭದ್ರವಾಗಿ ನಿಲ್ಲಿಸುತ್ತಾರೆ. ಶಾಫ್ಟಿನ ಸ್ಥಾನವನ್ನು ಕಾಯುವುದು ಅದರ ಕೆಲಸ. ಇನ್ನೊಂದನ್ನು ಶಾಫ್ಟಿಗೆ ಭದ್ರವಾಗಿ ಸೇರಿಸಿ, ಹೊರಗೂಡಿನೊಳಗೆ ಕೊಂಚ ಸರಿಯಲು ಬಿಡುತ್ತಾರೆ. ಒಂದು ಹಿಡಿದು ನಿಲ್ಲುತ್ತದೆ, ಒಂದು ಎಡೆ ಕೊಡುತ್ತದೆ. ಇವೆರಡರಲ್ಲಿ ಯಾವುದು ಇಲ್ಲದಿದ್ದರೂ ಯಂತ್ರ ಬಾಳದು.

ವಿಂಗ್‌ಕ್ವಿಸ್ಟನ ಕಾರ್ಖಾನೆಯಲ್ಲಿ ಪ್ರತಿಭಾವಂತರಾದ ಕಿರಿಯರಿಗೂ ಅವಕಾಶವಿತ್ತು. ಅವರಲ್ಲಿ ಅರ್ವಿಡ್ ಪಾಮ್‌ಗ್ರೆನ್ ಎಂಬ ಎಂಜಿನಿಯರು 1919ರಲ್ಲಿ ಅದೇ ತತ್ತ್ವವನ್ನು ಮುಂದುವರಿಸಿ, ಗುಂಡುಗಳಿಗೆ ಬದಲಾಗಿ ಪೀಪಾಯಿಯಾಕಾರದ ಉರುಳೆಗಳನ್ನುಳ್ಳ ಬೇರಿಂಗನ್ನು ರೂಪಿಸಿದನು. ಗುಂಡು ತಾನು ಮುಟ್ಟಿದ ಮೈಯನ್ನು ಒಂದು ಚುಕ್ಕೆಯಷ್ಟೇ ಮುಟ್ಟಿದರೆ ಉರುಳೆ ಒಂದು ಗೆರೆಯುದ್ದಕ್ಕೂ ಮುಟ್ಟುತ್ತದೆ. ಹೀಗಾಗಿ ಅದು ಹೆಚ್ಚಿನ ಭಾರವನ್ನು ಹೊರಬಲ್ಲದು. ಓರೆಯಾದ ಶಾಫ್ಟಿಗೂ ಹೊಂದಿಕೊಳ್ಳಬಲ್ಲದು. ದೊಡ್ಡ ಗಿರಣಿಗಳಲ್ಲಿ, ಗಣಿಗಳ ಯಂತ್ರಗಳಲ್ಲಿ ಈ ಬಗೆಯ ಬೇರಿಂಗುಗಳು ಸ್ಥಾನ ಪಡೆದವು. ವಿಂಗ್‌ಕ್ವಿಸ್ಟನು 1919ರವರೆಗೆ ಕಂಪನಿಯ ಮುಖ್ಯ ನಿರ್ವಾಹಕನಾಗಿದ್ದು, ಬಳಿಕ ಅದರ ಆಡಳಿತ ಮಂಡಲಿಯ ಅಧ್ಯಕ್ಷನಾದನು. ಇದೇ ಕಂಪನಿಯ ಆಶ್ರಯದಲ್ಲಿ ಮೋಟಾರು ವಾಹನಗಳ ತಯಾರಿಕೆಯೂ ಆರಂಭವಾಯಿತು. ಆ ವಾಹನದ ಮೊದಲ ಕಾರು 1927ರಲ್ಲಿ ಹೊರಬಂದಿತು. ಅದಕ್ಕೆ ಇಟ್ಟ ವೋಲ್ವೊ ಎಂಬ ಲ್ಯಾಟಿನ್ ಹೆಸರಿಗೆ ನಾನು ಉರುಳುತ್ತೇನೆ ಎಂದರ್ಥ.

ಬೇರಿಂಗಿನಂತಹ ಸಣ್ಣ ವಸ್ತು ಎಷ್ಟು ದೊಡ್ಡ ಮಹತ್ತ್ವವನ್ನು ಪಡೆಯಿತೆಂಬುದನ್ನು ಎರಡನೆಯ ಮಹಾಯುದ್ಧ ಕಠೋರವಾಗಿ ತೋರಿಸಿಕೊಟ್ಟಿತು. ವಿಮಾನ, ಟ್ಯಾಂಕು, ಲಾರಿ ಯಾವುದೂ ಬೇರಿಂಗಿಲ್ಲದೆ ನಡೆಯದು. ಆದುದರಿಂದಲೇ 1943ರ ಆಗಸ್ಟ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅಮೆರಿಕದ ವಿಮಾನಗಳು ಜರ್ಮನಿಯ ಷ್ವೈನ್‌ಫರ್ಟ್ ನಗರದ ಬೇರಿಂಗು ಕಾರ್ಖಾನೆಗಳ ಮೇಲೆ ಬಾಂಬು ಸುರಿದವು. ಅಕ್ಟೋಬರ್ 14ರ ದಾಳಿಯೊಂದರಲ್ಲಿಯೇ ಅಮೆರಿಕ 60 ಬಾಂಬರ್ ವಿಮಾನಗಳನ್ನು ಕಳೆದುಕೊಂಡಿತು. ತಟಸ್ಥ ರಾಷ್ಟ್ರವಾಗಿದ್ದ ಸ್ವೀಡನ್ನಿನ ಬೇರಿಂಗುಗಳು ಯುದ್ಧ ಮಾಡುತ್ತಿದ್ದ ಎರಡು ಪಕ್ಷಗಳಿಗೂ ಹೋಗುತ್ತಿದ್ದವು. ಬಟ್ಟೆ ನೇಯುವ ಮಗ್ಗಗಳು ನಿಲ್ಲದಿರಲೆಂದು ಹುಟ್ಟಿದ ವಸ್ತು ಯುದ್ಧದ ಚಕ್ರಗಳನ್ನೂ ತಿರುಗಿಸಿತು. ವಿಜ್ಞಾನದ ಪ್ರತಿಯೊಂದು ಕಾಣಿಕೆಯನ್ನೂ ಮನುಷ್ಯನು ಯಾವುದಕ್ಕೆ ಬಳಸುತ್ತಾನೆಂಬ ಪ್ರಶ್ನೆ ಇಲ್ಲಿಯೂ ನಮ್ಮನ್ನು ಕಾಡದೆ ಬಿಡದು.

ಯುದ್ಧ ಮುಗಿದು ಜಗತ್ತು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದ್ದಾಗ, 1953ರ ಏಪ್ರಿಲ್ 17ರಂದು, ವಿಂಗ್‌ಕ್ವಿಸ್ಟನು ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ ನಿಧನನಾದನು. ಆ ವೇಳೆಗೆ ಆತನು ರೂಪಿಸಿದ ಬೇರಿಂಗು ಜಗತ್ತಿನ ಎಲ್ಲ ಖಂಡಗಳನ್ನೂ ತಲುಪಿತ್ತು. ನಮ್ಮ ದೇಶದಲ್ಲಿ ಆತನ ಕಂಪನಿ 1923ರಲ್ಲಿಯೇ ವ್ಯಾಪಾರವನ್ನು ಆರಂಭಿಸಿತ್ತು. ಮುಂದೆ ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಬೇರಿಂಗುಗಳ ತಯಾರಿಕೆ ನಡೆಯತೊಡಗಿತು.

ಈಗ ಮತ್ತೆ ಕಿರಂಗೂರಿನ ಕಡೆಗೆ ಬರೋಣ. ಈ ಸೀಮೆಯ ಗದ್ದೆಗಳಿಗೆ ಕೊಳವೆಬಾವಿಯ ನೀರೆತ್ತುವ ಪಂಪುಸೆಟ್ಟಿನಲ್ಲಿ, ಬತ್ತವನ್ನು ಅಕ್ಕಿಮಾಡುವ ಗಿರಣಿಯಲ್ಲಿ, ಹೊಲ ಉಳುವ ಟ್ರ್ಯಾಕ್ಟರಿನಲ್ಲಿ, ಮನೆಯ ಬೀಸಣಿಗೆಯಲ್ಲಿ ಬೇರಿಂಗುಗಳು ಕಣ್ಣಿಗೆ ಕಾಣದೆ ದುಡಿಯುತ್ತಿವೆ. ಅವು ಸರಿಯಾಗಿರುವಾಗ ಯಾರೂ ಅವನ್ನು ನೆನೆಯುವುದಿಲ್ಲ. ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ ಪಂಪು ಕಿರುಗುಟ್ಟಿ ನಿಂತಾಗ ಮಾತ್ರ ರೈತನಿಗೆ ಅವುಗಳ ನೆನಪಾಗುತ್ತದೆ. ಪಂಪನ್ನು ಬಿಚ್ಚಿ ನೋಡುವ ಮೆಕ್ಯಾನಿಕ್ಕು ಬೇರಿಂಗನ್ನು ಬದಲಾಯಿಸುವುದಷ್ಟೇ ಅಲ್ಲದೆ, ಅದು ಕೆಟ್ಟದ್ದು ಏಕೆಂದು ವಿಚಾರಿಸಿದರೆ ಅನೇಕ ವೇಳೆ ಕಾರಣ ಸಿಕ್ಕುತ್ತದೆ: ಒಳಬಳೆ ಶಾಫ್ಟಿನ ಮೇಲೆ ಜಾರಿರುತ್ತದೆ, ಇಲ್ಲವೆ ಮೋಟಾರು ಮತ್ತು ಪಂಪು ಒಂದೇ ನೇರದಲ್ಲಿ ಇರುವುದಿಲ್ಲ, ಇಲ್ಲವೆ ಜೋಡಿಸಿದವನು ಸುತ್ತಿಗೆಯಿಂದ ಹೊಡೆದಿರುತ್ತಾನೆ. ಕಾರಣವನ್ನು ತಿಳಿಯದೆ ಹೊಸ ಬೇರಿಂಗನ್ನು ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಗಿರಣಿಯಲ್ಲಿ ನಿಂತ ಮಗ್ಗಗಳ ಮುಂದೆ ವಿಂಗ್‌ಕ್ವಿಸ್ಟನು ಮಾಡಿದ್ದೂ ಇದನ್ನೇ. ಕೆಟ್ಟ ಬೇರಿಂಗನ್ನು ಮತ್ತೆ ಮತ್ತೆ ಬದಲಾಯಿಸುತ್ತಾ ಆತನು ತನ್ನ ಜೀವಮಾನವನ್ನು ಕಳೆಯಲಿಲ್ಲ. ಅದು ಏಕೆ ಕೆಡುತ್ತದೆಂದು ಕೇಳಿದನು. ಕಾರಣ ಕಾಲ ಕೆಳಗಿನ ನೆಲದಲ್ಲಿಯೇ ಇರುವುದನ್ನು ಕಂಡನು. ನೆಲವನ್ನು ಬದಲಿಸಲಾಗದೆಂದು ಅರಿತು, ಬಾಗುವುದಕ್ಕೆ ಎಡೆಯಿರುವ ವಸ್ತುವನ್ನು ನಿರ್ಮಿಸಿದನು. ನಿಮ್ಮ ಊರಿನಲ್ಲಿ ಎತ್ತಿನ ಗಾಡಿಯೊಂದು ಕಣ್ಣಿಗೆ ಬಿದ್ದರೆ, ಅಚ್ಚಿನ ತುದಿಯ ಕಡಾಣಿಯನ್ನು ಒಮ್ಮೆ ಗಮನಿಸಿರಿ. ಅದು ಚಕ್ರವನ್ನು ಹಿಡಿದಿರುತ್ತದೆ. ಅದಕ್ಕೂ ಗುಂಬಕ್ಕೂ ನಡುವೆ ಮಾತ್ರ ಬೆರಳು ತೂರದಷ್ಟು ಒಂದು ಸಣ್ಣ ಎಡೆ ಇದ್ದೇ ಇರುತ್ತದೆ.